ಉದ್ದ ಚುಂಗಿನ ಗಂಟು

ನೀರು ಕಾದಿತ್ತು. ಸುಂದ್ರವ್ವ ಹಂಡೆಯೊಳಗೆ ಚರಿಗೆ ಅದ್ದಿ ಎತ್ತುವಷ್ಟರಲ್ಲಿ ಸೋಮಪ್ಪ ಎಡಗೈ ಅಡ್ಡ ಹಿಡಿದ.

“ತಡೀ ಸುಂದ್ರವ್ವ. ಇನ್ನೂ ನೀರ ಹಾಕಬ್ಯಾಡ.”

ಚರಿಗೆ ಹಿಡಿದ ಕೈ ಹಾಗೇ ನಿಂತಿತು. ಪಡಸಾಲೆಯ ಗೋಡೆಗೆ ಆನಿಸಿದ ಹಲಗೆಗೆ ಒರಗಿ, ಚಕ್ಕಳಮಕ್ಕಳ ಹಾಕಿಕೊಂಡು, ಅವನ ಹೆಂಡತಿ ಶಿವವ್ವ ಕುಳಿತಿದ್ದಳು. ಜೀವ ಹೋದದ್ದು ನಸುಕಿನ ಐದಕ್ಕೆ. ಮೈ ಸೆಟೆಯುವ ಮೊದಲೇ ಕೂರಿಸಬೇಕೆಂದು ಓಣಿಯ ಹೆಂಗಸರು ಕಾಲು ಮಡಿಚಿ, ಎದೆಗೊಂದು ಧೋತರದ ಪಟ್ಟಿ ಸುತ್ತಿ, ಹಲಗೆಗೆ ಕಟ್ಟಿದ್ದರು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇತ್ತು. ಯಾರೋ ಏನೋ ಕೇಳಿದ್ದಾರೆ, ಉತ್ತರ ನಾಲಿಗೆಯ ತುದಿಯಲ್ಲಿದೆ ಅನ್ನುವಂತಿತ್ತು ಆ ಎಪ್ಪತ್ತೇಳು ವರ್ಷದ ಮುಖ.

“ಹೊತ್ತ ಏರಿದ್ರ ಮಂದಿ ನೆರೀತೈತಿ. ಮೈ ತೊಳದು ವಿಭೂತಿ ಹಚ್ಚೂದ ಮೊದಲ ಆಗ್ಲಿ” ಅಂದಳು ಸುಂದ್ರವ್ವ. ಅವಳು ಪಕ್ಕದ ಮನೆಯವಳು. ನಲವತ್ತು ವರ್ಷಗಳಿಂದ ಹತ್ತರಗಿಯ ಆ ಓಣಿಯಲ್ಲಿ ಹುಟ್ಟಿದ ಕೂಸಿಗೂ ಸತ್ತ ಮುದುಕರಿಗೂ ನೀರು ಹಾಕುತ್ತ ಬಂದವಳು. “ನೀ ಹೋಗಿ ಕಟ್ಟಿ ಮ್ಯಾಲ ಕುಂಡ್ರ ಸೋಮಣ್ಣ. ಗಂಡಸರಿಗೆ ಇಲ್ಲೇನ ಕೆಲಸ?”

“ಡಾಕ್ಟರಬಾಯಿಗೆ ಫೋನ ಮಾಡಿಸೇನಿ. ಬೆಳಗಾಂವದಿಂದ ಗಾಡಿ ಬರಾಕತ್ತೈತಿ.”

“ಡಾಕ್ಟರಬಾಯಿ ಬಂದು ಇನ್ನೇನ ನಾಡಿ ನೋಡ್ತಾಳ?”

ಮೂಲೆಯಲ್ಲಿ ಒಬ್ಬ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಸಾವಿನ ಮನೆಯಲ್ಲೂ ಸುಂದ್ರವ್ವನ ಮಾತಿಗೆ ನಗು ತಡೆಯುವುದು ಕಷ್ಟ. ಸೋಮಪ್ಪ ನಗಲಿಲ್ಲ. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟಿದ್ದ ಕಾಗದವೊಂದನ್ನು ತೆಗೆದು ಮಗ ಬಾಳೇಶನ ಕೈಗೆ ಕೊಟ್ಟ.

“ಓದು. ಎಲ್ಲಾರ್ಗೂ ಕೇಳೂಹಂಗ ಓದು.”

ಬಾಳೇಶನಿಗೆ ಆ ಕಾಗದ ಗೊತ್ತಿತ್ತು. ಹೆದ್ದಾರಿಯ ಬದಿಯಲ್ಲಿ ಪಂಪಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟವನು, ಯಾರ ಜೊತೆಗೂ ಎದುರು ಮಾತಿಗೆ ನಿಲ್ಲುವವನಲ್ಲ. “ಅಪ್ಪಾ, ಇದು ಇವತ್ತ ಬೇಕೇನು?” ಅಂದ. ಅಪ್ಪ ಕಾಗದದ ಕಡೆ ಬೆರಳು ತೋರಿಸಿದ್ದು ನೋಡಿ ಓದಿದ. “ಶಿವವ್ವ ಕೋಂ ಸೋಮಪ್ಪ, ಸಾಕಿನ ಹತ್ತರಗಿ, ತಾಲೂಕು ಹುಕ್ಕೇರಿ. ನನ್ನ ಮರಣದ ನಂತರ ನನ್ನ ಮಿದುಳನ್ನು ನೆನಪು ಮತ್ತು ಮರೆವಿನ ಅಧ್ಯಯನಕ್ಕಾಗಿ ಕೊಡಲು ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ.” ಕೆಳಗೆ ಶಿವವ್ವನ ಸಹಿ ಇತ್ತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಸಹಿ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕುಳಿತಿತ್ತು.

ಅದೇ ಆಗ ಬಾಗಿಲಲ್ಲಿ ಸಿದ್ರಾಯ ಬಂದು ನಿಂತಿದ್ದ. ಶಿವವ್ವನ ತಮ್ಮ. ಸುದ್ದಿ ಮುಟ್ಟಿದೊಡನೆ ಮೂಡಲಗಿಯಿಂದ ಮೋಟಾರ್ ಸೈಕಲ್ ಮೇಲೆ ಬಂದವನು, ಕಂಕುಳಲ್ಲಿ ತವರಿನ ಸೀರೆಯ ಚೀಲ ಹಿಡಿದಿದ್ದ.

“ಏನ್ರಿ ಭಾವಾರ, ನಮ್ಮ ಅಕ್ಕನ ತಲಿ ಒಡಸ್ತೀರೇನ್ರಿ?”

“ಕುಂಡ್ರ ಸಿದ್ರಾಯ. ನೀರ ಕುಡಿ.”

“ನೀರ ಹಿಂದಿಂದ. ತವರಮನಿ ಸೀರಿ ತಂದೇನಿ ನಾ. ಮೈ ಪೂರಾ ಇದ್ದಾಕಿಗೆ ತಂದ ಸೀರಿ ಇದು. ತಲಿ ಕೊಯ್ದ ಹೆಣಕ್ಕ ಉಡಸಾಕ ತಂದಿಲ್ಲ.”

ಮಾತಿಗೆ ಮಾತು ಬೆಳೆಯಿತು. ಆಸ್ಪತ್ರೆಯಲ್ಲಿ ಮಲಗಿಸಿದರೆ ಮೈ ಸೆಟೆದು ಹೋಗುತ್ತದೆ, ಮತ್ತೆ ಕುಣಿಯಲ್ಲಿ ಕೂರಿಸಲು ಬರುವುದಿಲ್ಲ ಅಂದರು ಒಬ್ಬರು. ನಮ್ಮವರಲ್ಲಿ ಮಲಗಿಸಿ ಮಣ್ಣು ಕೊಟ್ಟದ್ದು ಉಂಟೇ ಅಂದರು ಇನ್ನೊಬ್ಬರು. ಸೊಸೆ ದಾಕ್ಷಾಯಿಣಿ ಅತ್ತು ಅತ್ತು ಕೆಂಪಾದ ಕಣ್ಣಿನಿಂದಲೇ ಮೊಬೈಲ್ ತಂದು ಸ್ಪೀಕರ್ ಹಾಕಿ ಮಾವನ ಮುಂದೆ ಹಿಡಿದಳು.

“ಡಾಕ್ಟರಬಾಯಿ, ಎಲ್ಲಾರ್ಗೂ ಕೇಳೂಹಂಗ ಮಾತಾಡ್ರಿ” ಅಂದ ಸೋಮಪ್ಪ.

“ಕಾಕಾ, ಕಾಕು ಬರದ ಕೊಟ್ಟಿದ್ದು ಖರೆ. ಆದ್ರ ಇವತ್ತ ನೀವು ಬ್ಯಾಡ ಅಂದ್ರ ನಾವು ಮುಟ್ಟೂದಿಲ್ಲ. ಒಪ್ಪಿದ್ರ ಮಧ್ಯಾಹ್ನದೊಳಗ ಆಗಬೇಕು. ತಡಾ ಆದಂಗ ಒಳಗಿಂದು ಕೆಡತೈತಿ, ನೋಡಿದ್ರೂ ಏನೂ ತಿಳಿಯೂದಿಲ್ಲ.”

“ಮಲಗಿಸಿದ್ರ ಸೆಟೀತಾಳ, ಕುಂಡ್ರಸಾಕ ಬರೂದಿಲ್ಲ ಅನ್ನಾಕತ್ತಾರ.”

ಆ ಕಡೆ ಅವಳು ಯಾರೊಡನೆಯೋ ಮಾತಾಡಿದ್ದು ಕೇಳಿಸಿತು. “ಕುಂತ ಹಂಗ ಕರಕೊಂಡ ಬರ್ರಿ ಕಾಕಾ. ಹಲಗಿ ಸುದ್ದಾ ಇರ್ಲಿ. ನಾವು ಕುಂತ ಹಂಗನ ಕೆಲಸಾ ಮಾಡ್ತೇವಿ.”

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಸಿದ್ರಾಯ ಸೀರೆಯ ಚೀಲ ಇಳಿಸಲಿಲ್ಲ. “ಅಯ್ಯಾರ ಬರ್ಲಿ. ಮಣ್ಣ ಕೊಡೂಮುಂದ ತಲಿ ಮ್ಯಾಲ ಪಾದಾ ಇಡವ್ರು ಅವ್ರು. ಅವ್ರ ಹೇಳ್ಲಿ” ಅಂದ.

ಸೋಮಪ್ಪ ಹಂಡೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಮಧ್ಯಾಹ್ನದೊಳಗೆ ಅವಳ ಮಾತು ನಡೆಯಬೇಕು. ಹೊತ್ತು ಮುಳುಗುವ ಮೊದಲು ಅವಳು ಕುಣಿಯಲ್ಲಿ ಕೂರಬೇಕು. ಎಂಬತ್ತೆರಡು ವರ್ಷದ ಅವನಿಗೆ ಈ ಲೋಕದಲ್ಲಿ ಉಳಿದದ್ದು ಆ ಎರಡೇ ಕೆಲಸ.

* * *

ಹನ್ನೊಂದು ವರ್ಷದ ಹಿಂದೆ, ಇದೇ ಪಡಸಾಲೆಯಲ್ಲಿ, ಇದೇ ಗೋಡೆಗೆ ಒರಗಿ ಶಿವವ್ವ ಕುಳಿತಿದ್ದಳು. ಎದುರಿಗೆ ನಂದಿನಿ. ಬೆಳಗಾವಿಯಲ್ಲಿ ಮಿದುಳಿನ ಅಭ್ಯಾಸ ಮಾಡುವ ವಿಜ್ಞಾನಿ. ವಯಸ್ಸಾದಂತೆ ನೆನಪು ಹೇಗೆ ಸವೆಯುತ್ತದೆ, ಯಾರಲ್ಲಿ ಸವೆಯುತ್ತದೆ, ಯಾರಲ್ಲಿ ಗಟ್ಟಿ ಉಳಿಯುತ್ತದೆ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಊರೂರು ತಿರುಗಿ ಅರವತ್ತು ದಾಟಿದವರನ್ನು ಮಾತಾಡಿಸುತ್ತಿದ್ದಳು. “ನಾ ಗುಳಿಗಿ ಕೊಡೂ ಡಾಕ್ಟರ ಅಲ್ರಿ” ಎಂದು ಎಷ್ಟು ಹೇಳಿದರೂ ಮಂದಿಗೆ ಅವಳು ಡಾಕ್ಟರಬಾಯಿಯೇ.

“ಐದು ಮಾತ ಹೇಳ್ತೇನ್ರಿ ಕಾಕು. ಸ್ವಲ್ಪ ಹೊತ್ತ ಬಿಟ್ಟು ಕೇಳ್ತೇನಿ. ಬೆಲ್ಲ, ಬಾವಿ, ಕುಡಗೋಲು, ಗಿಳಿ, ಕಂಬಳಿ.”

ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಶಿವವ್ವ ನಕ್ಕಳು. “ಬಾವಿ ದಂಡಿ ಮ್ಯಾಲ ಕಂಬಳಿ ಹಾಸಕೊಂಡ ಕುಂತೇನಿ. ಗಿಳಿಗೆ ಬೆಲ್ಲಾ ತಿನಸಾಕತ್ತೇನಿ. ಕುಡಗೋಲ ಬಾಜೂಕ ಇಟ್ಟೇನಿ, ಗಿಳಿ ಹೆದರತೈತಿ ಅಂತ.”

ನಂದಿನಿ ಬರೆಯುವುದನ್ನು ಬಿಟ್ಟು ಅವಳ ಮುಖ ನೋಡಿದಳು. ಆಮೇಲೆ ಕಾಗದದ ಮುಂದಿನ ಪ್ರಶ್ನೆಗೆ ಹೋದಳು. “ನಿಮ್ಮ ಗಂಡನ ಹೆಸರೇನ್ರಿ?”

ಶಿವವ್ವ ಸೆರಗು ಎಳೆದುಕೊಂಡು ಗೋಡೆ ನೋಡಿದಳು. “ಅಲ್ಲೇ ಕುಂತಾರಲ್ಲ, ಕೇಳ್ರಿ.”

“ನೀವ ಹೇಳಬೇಕ್ರಿ.”

ಶಿವವ್ವ ಅಡ್ಡಡ್ಡ ತಲೆ ಆಡಿಸಿದಳು. ನಂದಿನಿಯ ಪೆನ್ನು ಸೊನ್ನೆ ಬರೆಯಿತು. ಬಾಗಿಲಲ್ಲಿ ನಿಂತಿದ್ದ ಸುಂದ್ರವ್ವ ಹೊಟ್ಟೆ ಹಿಡಿದು ನಕ್ಕಳು. “ಏ ಬಾಯಿ, ಗಂಡನ ಹೆಸರ ಹೇಳದಿದ್ರ ಮರವು ಅಂತ ಬರಕೋತಿಯೇನು? ಹಂಗಾರ ಈ ಊರ ಹೆಂಗಸರಿಗೆಲ್ಲಾ ಮದವಿ ದಿನಾನ ತಲಿ ಕೆಟ್ಟೈತಿ.”

ನಂದಿನಿಯ ಕಿವಿ ಕೆಂಪಾದವು. “ನಮ್ಮ ಅಜ್ಜಿನೂ ಹೇಳ್ತಿದ್ದಿಲ್ಲ” ಅಂದಳು, ತನಗೇ ಹೇಳಿಕೊಳ್ಳುವಂತೆ. “ನಾ ಹೆಂಗ ಮರತೆ?” ಸೊನ್ನೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಏನೋ ಬರೆದುಕೊಂಡಳು. ಸುಂದ್ರವ್ವನ ಒತ್ತಾಯಕ್ಕೆ ಶಿವವ್ವ ಮದುವೆಯಲ್ಲಿ ಗಂಡನ ಹೆಸರು ಹೆಣೆದು ಹೇಳಿದ ಒಡಪನ್ನು ಮತ್ತೊಮ್ಮೆ ಹೇಳಿದಳು, ಗಂಡನ ಕಡೆ ನೋಡದೆ:

“ಗೋಕಾವಿ ಕರದಂಟ ಹಲ್ಲಿಗೆ ಅಂಟ, ಸೋಮಪ್ಪನ ಕೂಡ ಶಿವಾ ಹಾಕ್ಯಾನ ಗಂಟ.”

ಕಡೆಗೆ, ದಿನಾ ಕೈಯಿಂದ ಮಾಡುವ ಕೆಲಸ ಯಾವುದಾದರೂ ಮಾಡಿ ತೋರಿಸಿರಿ ಅಂದಳು ನಂದಿನಿ. ಶಿವವ್ವ ಗೂಟಕ್ಕೆ ಹಾಕಿದ್ದ ನೀಲಿ ಗೆರೆಯ ಬುತ್ತಿ ಅರಿವೆ ತೆಗೆದು ರೊಟ್ಟಿ ಕಟ್ಟಿದಳು. ಎರಡು ಮೂಲೆ ಸುತ್ತಿ, ಒಂದನ್ನು ಮಡಿಚಿ ತೂರಿಸಿ, ಒಂದು ಚುಂಗನ್ನು ಉದ್ದಕ್ಕೆ ಬಿಟ್ಟಳು. ನೋಡಲು ಬಿಗಿ. ಆದರೆ ಆ ಚುಂಗು ಹಿಡಿದು ಎಳೆದರೆ ಸರ್ರನೆ ಬಿಚ್ಚುತ್ತಿತ್ತು.

“ಇದು ಎಲ್ಲಿ ಕಲತ್ರಿ?”

“ಕಲಸವ್ರ ಯಾರು? ಅವ್ರ ಕೈ ನೋಡಿ ಬಂತು.”

ಮದುವೆಯಾದ ಎರಡನೇ ವರ್ಷ ಸೋಮಪ್ಪ ಊರಲ್ಲಿ ದನಗಳಿಗೆ ಕಣಿಕೆ ಕೊಚ್ಚುವಾಗ ಬಲಗೈಯ ಮೂರು ಬೆರಳು ಕಳೆದುಕೊಂಡಿದ್ದ. ಆಮೇಲೂ ಮೂವತ್ತು ವರ್ಷ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಗೋದಾಮಿನ ಬಾಗಿಲು ಕಾಯುತ್ತ ದುಡಿದ. ಊಟದ ಭೋಂಗಾ ಕೂಗಿದಾಗ ಬುತ್ತಿ ಬಿಚ್ಚಲು ಪಕ್ಕದವರ ಮುಖ ನೋಡಬಾರದೆಂದು ಶಿವವ್ವ ಆ ಗಂಟು ಕಟ್ಟಿದ್ದಳು. ಎಡಗೈಯ ಒಂದೇ ಜಗ್ಗಿಗೆ ಬಿಚ್ಚುವ ಗಂಟು.

ನಂದಿನಿ ಏಳುವ ಹೊತ್ತಿಗೆ ಶಿವವ್ವ ಕೇಳಿದಳು. “ಮರವು ಎಲ್ಲಿ ಹುಟ್ಟತೈತ್ರಿ? ನಮ್ಮವ್ವ ಮೂಡಲಗ್ಯಾಗ ಕಡೀ ಮೂರ ವರ್ಷ ನನ್ನ ಗುರ್ತ ಹಿಡೀಲಿಲ್ಲ. ಎಲ್ಲರ ಹೋಗಿಬಿಡತಾಳ ಅಂತ ನಮ್ಮ ತಮ್ಮ ಆಕಿನ್ನ ಸೆರಗಲೆ ಕಂಬಕ್ಕ ಕಟ್ಟಿ ಹೊಲಕ್ಕ ಹೋಗತಿದ್ದ. ಪಾಪ, ಅಂವಗರ ಏನ ಗೊತ್ತು? ಮಂದಿ ಅರಳು ಮರಳು ಅಂದ್ರು. ದೆವ್ವ ಅಂದ್ರು. ಒಳಗ ಏನಾಗಿತ್ತು ಅಂತ ಯಾರೂ ನೋಡಲಿಲ್ಲ.”

“ಸತ್ತ ಮ್ಯಾಲನ ನೋಡಾಕ ಬರತೈತ್ರಿ ಕಾಕು. ಒಳಗಿಂದು ತಗದು, ದೊಡ್ಡದು ಮಾಡಿ ತೋರಸೂ ಭಿಂಗದ ಕೆಳಗ ಇಟ್ಟು.”

“ಹಂಗಾರ ನಂದ ನೋಡ್ರಿ.”

ನೆರೆಮನೆಗೆ ಮಜ್ಜಿಗೆ ಕೊಟ್ಟು ಕಳಿಸುವವಳ ಹಾಗೆ ಹೇಳಿದಳು. ಸಹಿ ಮಾಡಿದ ಕಾಗದವನ್ನು ಗಂಡನ ಮುಂದಿಟ್ಟು, “ನಾ ಮುಂದ ಹೋದ್ರ ನೀವ ಕಳಸಬೇಕ್ರಿ. ಯಾರರ ಅಡ್ಡ ಬಂದ್ರ ಸುಮ್ಮ ಕುಂಡ್ರಬ್ಯಾಡ್ರಿ” ಅಂದಳು.

ಸೋಮಪ್ಪ ಹೂಂ ಅಂದಿದ್ದ. ಅಂಥ ಮಾತಿಗೆ ಬೇರೆ ಏನು ಅನ್ನಬೇಕೆಂದು ಅವನಿಗೆ ತಿಳಿದಿರಲಿಲ್ಲ.

* * *

ಗುರುಸಿದ್ಧಯ್ಯ ಬಂದಾಗ ಅಂಗಳದಲ್ಲಿ ಆಂಬುಲೆನ್ಸ್ ಆಗಲೇ ನಿಂತಿತ್ತು. ಎಪ್ಪತ್ತು ದಾಟಿದ ಅಯ್ಯನವರು. ಸುತ್ತಲಿನ ಐದಾರು ಹಳ್ಳಿಯ ಹುಟ್ಟು, ಮದುವೆ, ಮಣ್ಣು ಎಲ್ಲಕ್ಕೂ ಅವರೇ. ಕಾಗದವನ್ನು ಎರಡು ಸಲ ಓದಿಸಿಕೊಂಡರು. ಶಿವವ್ವನ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತರು.

“ಖಾಲಿ ತಲಿ ಮ್ಯಾಲ ಪಾದಾ ಹೆಂಗ ಇಡ್ತೀರಿ ಅಯ್ಯಾರ?” ಅಂದ ಸಿದ್ರಾಯ.

“ಲಿಂಗ ಎಲ್ಲಿ ಕುಂಡ್ರತೈತಿ ಸಿದ್ರಾಯ?”

“ಅಂಗೈಯಾಗ್ರಿ.”

“ಅಂಗೈ ಪೂರಾ ಐತಿಲ್ಲ?” ಅಯ್ಯನವರು ಕಟ್ಟೆಯ ಮೇಲೆ ಕುಳಿತು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡರು. “ಹಸದು ಬಂದವ್ರಿಗೆ ಇದ್ದದ್ದು ಬಡಸಬೇಕು ಅಂತ ಹೇಳಕೋತ ಬಂದೇನಿ ಇಷ್ಟ ವರ್ಷ. ಈ ತಾಯಿ ಎಲ್ಲಾನೂ ಬಡಸಿ ಪಾತ್ರೀನೂ ಕೊಟ್ಟಾಳ. ಬ್ಯಾಡ ಅನ್ನಾಕ ನಾ ಯಾರು? ಕರಕೊಂಡ ಹೋಗ್ರಿ. ಹೊತ್ತ ಮುಳುಗೂದ್ರಾಗ ತರ್ರಿ. ನಾ ಕುಣಿ ತಗಸಾಕ ಹೊಲಕ್ಕ ಹೋಗತೇನಿ.”

ಸಿದ್ರಾಯ ಆದರೂ ಬಾಗಿಲ ಬಳಿ ಕುಳಿತಲ್ಲಿಂದ ಏಳಲಿಲ್ಲ. ಸೋಮಪ್ಪ ಹೋಗಿ ಅವನ ಮಗ್ಗುಲಲ್ಲಿ ಕುಳಿತ. ಇಬ್ಬರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದ.

“ಆಕಿ ಯಾಕ ಬರದ ಕೊಟ್ಲು ಗೊತ್ತೈತೇನು? ನಿಮ್ಮವ್ವನ ಸಲವಾಗಿ.”

ಸಿದ್ರಾಯ ತಲೆ ಎತ್ತಲಿಲ್ಲ. “ಆಕಿನ್ನ ಕಂಬಕ್ಕ ಕಟ್ಟಿದಾಂವ ನಾ” ಅಂದ.

“ನಿನಗ ಪಾಪ ಅಂದ್ಲು. ಬೈಲಿಲ್ಲ. ಒಳಗ ಏನಾಗಿತ್ತು ಅಂತ ಯಾರೂ ನೋಡಲಿಲ್ಲ, ನಂದರ ನೋಡ್ಲಿ ಅಂದ್ಲು.”

“ನೋಡಿದ್ರ ತಿಳೀತೈತೇನ್ರಿ?”

“ಗೊತ್ತಿಲ್ಲಪಾ. ನೋಡದಿದ್ರ ಅಂತೂ ತಿಳಿಯೂದಿಲ್ಲ.”

ಸಿದ್ರಾಯ ಎದ್ದ. ತವರಿನ ಸೀರೆಯನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟು, ಅಕ್ಕನ ಎದೆಗೆ ಕಟ್ಟಿದ್ದ ಪಟ್ಟಿ ಎಲ್ಲಿ ಒತ್ತುತ್ತಿದೆಯೋ ಅಲ್ಲಿ ಬೆರಳು ತೂರಿಸಿ ಸ್ವಲ್ಪ ಸಡಿಲ ಮಾಡಿದ. ಆಮೇಲೆ ಹಲಗೆಯ ಒಂದು ಮಗ್ಗುಲು ತಾನೇ ಎತ್ತಿದ. ಇನ್ನೊಂದು ಮಗ್ಗುಲು ಬಾಳೇಶ.

ಹೊರಡುವಾಗ ಸುಂದ್ರವ್ವ ಗೂಟದಲ್ಲಿದ್ದ ನೀಲಿ ಗೆರೆಯ ಅರಿವೆ ತೆಗೆದು ತನ್ನ ಮನೆಯ ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು. “ಹಾದ್ಯಾಗ ತಿನ್ನು. ನೀನೂ ಅಲ್ಲೇ ಬಿದ್ರ ಇಬ್ಬರಿಗೂ ನಾನ ನೀರ ಹಾಕಬೇಕು. ನನಗೂ ಕೈ ಸೋತಾವು.”

ಹೆದ್ದಾರಿಯ ಟೋಲ್ ನಾಕಾದಲ್ಲಿ ಗಾಡಿ ನಿಧಾನಿಸಿದಾಗ, ಕಿಟಕಿಯಲ್ಲಿ ಇಣುಕಿದ ಹುಡುಗಿ ನೆಟ್ಟಗೆ ಕುಳಿತ ಮುದುಕಿಯನ್ನು ಕಂಡು, “ಪೇಶಂಟ ಆರಾಮ ಅದಾರಲ್ರಿ” ಅಂದಳು. ಚಾಲಕ ಗೇರು ಹಾಕಿದ. ಸಿದ್ರಾಯನ ಬಾಯಿಂದ ಸಣ್ಣ ನಗೆಯೊಂದು ಹೊರಬಿತ್ತು. ಅದರ ಹಿಂದೆಯೇ ಅಳು ಬಂತು. ಬೆಳಗಾವಿ ಬರುವವರೆಗೂ ಅವನು ಅತ್ತ.

ಆಸ್ಪತ್ರೆಯಲ್ಲಿ ನಂದಿನಿ ಬಾಗಿಲಿಗೇ ಬಂದು ಕಾಯುತ್ತಿದ್ದಳು. ಸೋಮಪ್ಪ, ಬಾಳೇಶ ಇಬ್ಬರೂ ಕಾಗದದ ಮೇಲೆ ಸಹಿ ಮಾಡಿದರು. ಹಲಗೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಬಾಳೇಶ ಹೊರಗೆ ಗಾಡಿಯ ಹತ್ತಿರ ಹೋದ. ಬಾಗಿಲ ಮುಂದಿನ ಬೆಂಚಿನ ಮೇಲೆ ಭಾವ ಮೈದುನ ಇಬ್ಬರೇ ಉಳಿದರು.

ಸೋಮಪ್ಪನ ತೊಡೆಯ ಮೇಲೆ ರೊಟ್ಟಿಯ ಗಂಟು ಇತ್ತು. ಸುಂದ್ರವ್ವ ಬಿಗಿದು ಕಟ್ಟಿದ ಕಗ್ಗಂಟು. ಚುಂಗು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಸಿದ್ರಾಯ ಬಿಚ್ಚಿಕೊಡಲು ಕೈ ಚಾಚಿದ.

“ಬ್ಯಾಡ” ಅಂದ ಸೋಮಪ್ಪ. “ಇರ್ಲಿ.”

* * *

ಅದು ನಾಲ್ಕು ವರ್ಷದ ಹಿಂದಿನ ಮಾತು. ದಾಕ್ಷಾಯಿಣಿಯ ತಂದೆತಾಯಿ ಕಣಗಲಾದಿಂದ ಬಂದಿದ್ದರು. ಬೀಗರು ಪಡಸಾಲೆಯಲ್ಲಿ ಕುಳಿತಿದ್ದಾಗ ಅಡುಗೆಮನೆಯಿಂದ ಶಿವವ್ವನ ದನಿ ಕೇಳಿತು.

“ಏ ಸೋಮಪ್ಪಾ, ಚಾ ಆಗೇತಿ. ತಗೊಂಡ ಹೋಗ ಬಾ.”

ಬೀಗರು ತಲೆ ತಗ್ಗಿಸಿದರು. ದಾಕ್ಷಾಯಿಣಿ ಓಡಿಹೋಗಿ ಚಹಾ ತಂದಳು. ಸೋಮಪ್ಪನಿಗೆ ಮಂದಿಯ ಮುಂದೆ ಕಪಾಳಕ್ಕೆ ಹೊಡೆದಂತಾಗಿತ್ತು. ಐವತ್ತೈದು ವರ್ಷ ಒಡಪಿನಲ್ಲಿ ಬಿಟ್ಟರೆ ಬಾಯಿಗೆ ತರದ ಹೆಸರನ್ನು ಆಳನ್ನು ಕರೆದಂತೆ ಕರೆದಳಲ್ಲ. ಮುಪ್ಪಿನಲ್ಲಿ ಸೊಕ್ಕು ಬಂದಿದೆ ಅಂದುಕೊಂಡ. ಸುದ್ದಿ ಮೂಡಲಗಿಯವರೆಗೂ ಹೋಯಿತು. ಸಿದ್ರಾಯ ಫೋನಿನಲ್ಲಿ ಅಕ್ಕನನ್ನು ಬೈದ. ಅವಳು ಯಾಕೆ ಬೈಯುತ್ತಿದ್ದಾನೆಂದು ತಿಳಿಯದೆ ಹೂಂ, ಹೂಂ ಅಂದಳು.

ಸೋಮಪ್ಪ ಬೈಯಲಿಲ್ಲ. ಮಾತು ಬಿಟ್ಟ.

ಅವಳು ದಿನವೂ ಬುತ್ತಿ ಕಟ್ಟಿದಳು. ಅವನು ದಿನವೂ ಹೊಲಕ್ಕೆ ಒಯ್ದು, ಹುಣಸೆಗಿಡದ ಕೊಂಬೆಗೆ ನೇತುಹಾಕಿ, ಸಂಜೆ ಗಂಟು ಬಿಚ್ಚದೆ ಹಾಗೇ ತಂದು ಅವಳ ಮುಂದಿಟ್ಟ. ಶಿವವ್ವ ಗಂಟು ನೋಡುತ್ತಿದ್ದಳು. ಅವನ ಬಲಗೈ ನೋಡುತ್ತಿದ್ದಳು. ಮರುದಿನ ಗಂಟನ್ನು ಸ್ವಲ್ಪ ಸಡಿಲ ಕಟ್ಟಿ, ಚುಂಗನ್ನು ಸ್ವಲ್ಪ ಉದ್ದ ಬಿಡುತ್ತಿದ್ದಳು. ಅದರ ಮರುದಿನ ಇನ್ನೂ ಉದ್ದ. ಹೀಗೆ ಎಂಟು ದಿನ. ಎಂಟನೇ ದಿನ ಚುಂಗು ಒಂದು ಗೇಣು ದಾಟಿತ್ತು.

“ಕೈ ಭಾಳ ನೋಯಾಕತ್ತೈತೇನ್ರಿ?” ಅಂದಳು.

ಆಗಲೂ ಅವನು ಉತ್ತರ ಕೊಡಲಿಲ್ಲ.

ಆ ತಿಂಗಳ ಕೊನೆಗೆ ನಂದಿನಿ ಬಂದಳು. ಐದು ಮಾತು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ಶಿವವ್ವ, “ಬೆಲ್ಲ” ಅಂದಳು. ಮತ್ತೆ ಕೇಳಿದರೆ ಮತ್ತೆ ಬೆಲ್ಲ. ಬಾವಿಯೂ ಇಲ್ಲ, ಗಿಳಿಯೂ ಇಲ್ಲ. ಜೊತೆಗೆ ಬಂದಿದ್ದ ಹೊಸ ಸಹಾಯಕಿ ಕಾಗದ ನೋಡಿ ಮುಂದಿನ ಪ್ರಶ್ನೆ ಕೇಳಿದಳು. “ಗಂಡನ ಹೆಸರೇನ್ರಿ ಅಜ್ಜಿ?”

“ಸೋಮಪ್ಪ.”

“ಹಾಂ, ಇದು ಬರೋಬರಿ ಐತಿ” ಅಂದು ಸಹಾಯಕಿ ಒಂದು ಅಂಕ ಕೊಟ್ಟಳು. ನಂದಿನಿ ಸಹಾಯಕಿಯ ಕೈ ಹಿಡಿದು ತಡೆದಳು. ಸೋಮಪ್ಪನ ಕಡೆ ತಿರುಗಿದಳು. “ಕಾಕಾ, ಇದು ಯಾವಾಗಿಂದ?”

ಸೋಮಪ್ಪ ಹೇಳಿದ. ಬೀಗರು, ಚಹಾ, ಎಂಟು ದಿನದ ಬುತ್ತಿ, ಎಲ್ಲ. ನಂದಿನಿ ಕೇಳಿಕೊಂಡು ಪುಸ್ತಕ ಮುಚ್ಚಿಟ್ಟಳು.

“ಅದು ಸೊಕ್ಕಲ್ಲ ಕಾಕಾ. ಕೆಲವರಿಗೆ ರೋಗ ಹಿಂಗ ಸುರು ಆಗತೈತಿ. ಏನ ಅನ್ನಬೇಕು, ಏನ ಅನ್ನಬಾರದು ಅಂತ ತಡಿಯೂ ಜಾಗಾ ಮೊದಲ ಸವೀತೈತಿ.”

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ. ವಾರ ಮರೆತಳು, ಒಲೆ ಮರೆತಳು, ಸೊಸೆಯನ್ನು ತನ್ನ ತಾಯಿ ಅಂದುಕೊಂಡಳು. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಮುಂದೇನೆಂದು ತಿಳಿಯದೆ ಕೂತಾಗ, ಸೋಮಪ್ಪ ಅವಳ ಕೈ ಕೆಳಗೆ ತನ್ನ ಕೈ ಹಿಡಿದು ಪತ್ರೆ ಏರಿಸಿದ. ಕಳೆದ ವರ್ಷ ಒಂದು ದಿನ ಅವನನ್ನು ಕಂಡೊಡನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. “ನಮ್ಮ ಮನ್ಯಾವ್ರು ಗಿರಣಿಗೆ ಹೋಗ್ಯಾರ್ರಿ. ಭೋಂಗಾ ಆದ ಮ್ಯಾಲ ಬರ್ತಾರ. ನೀವು ಹೊರಗ ಕಟ್ಟಿ ಮ್ಯಾಲ ಕುಂಡ್ರ್ರಿ.” ಸೋಮಪ್ಪ ಹೋಗಿ ಕಟ್ಟೆಯ ಮೇಲೆ ಕುಳಿತಿದ್ದ, ಕತ್ತಲಾಗುವವರೆಗೆ.

ಆದರೂ ಬುತ್ತಿ ಅರಿವೆ ಕೈಗೆ ಕೊಟ್ಟರೆ ಗಂಟು ಮಾತ್ರ ತಪ್ಪುತ್ತಿರಲಿಲ್ಲ. ನಂದಿನಿ ಪ್ರತಿ ವರ್ಷವೂ ಕಟ್ಟಿಸುತ್ತಿದ್ದಳು, ಹತ್ತಿರ ಕುಳಿತು ಬೆರಳುಗಳನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುತ್ತಿದ್ದಳು. ಈ ಸಲ ಸಂಕ್ರಾಂತಿಯ ನಂತರ ಬಂದಾಗ ಶಿವವ್ವನ ಬೆರಳು ನಡುವೆ ನಿಂತುಬಿಟ್ಟವು. ಚುಂಗು ಹಿಡಿದುಕೊಂಡು, ಇದನ್ನು ಎಲ್ಲಿ ತೂರಿಸಬೇಕೆಂದು ಎಲ್ಲರ ಮುಖ ನೋಡಿದಳು. ನಂದಿನಿ ಆ ದಿನ ಪುಸ್ತಕದಲ್ಲಿ ಏನೂ ಬರೆಯದೆ ಎದ್ದು ಹೋಗಿದ್ದಳು.

* * *

ಹನ್ನೊಂದೂವರೆಗೆ ಬಾಗಿಲು ತೆರೆಯಿತು. ನಂದಿನಿ ಬಂದಳು. ಅವಳ ಹಿಂದೆ ಒಬ್ಬ ಬಿಳಿಯ ಡಬ್ಬಿ ಹಿಡಿದುಕೊಂಡು ಹೋದ. ಮೇಲೆ ಅಂಕಿ ಬರೆದ ಚೀಟಿ.

“ಆತ್ರಿ ಕಾಕಾ. ಹೊಲಿಗಿ ಹಾಕಿದ್ದು ಕಾಣೂದಿಲ್ಲ. ಕೂದಲದಾಗ ಮುಚ್ಚೇತಿ. ಎಣ್ಣಿ ಹಚ್ಚಿ ತುರುಬ ನಾನ ಕಟ್ಟೇನಿ.”

ಸೋಮಪ್ಪ ಡಬ್ಬಿ ಹೋದ ದಾರಿ ನೋಡುತ್ತಿದ್ದ. “ಎಷ್ಟ ಭಾರ ಐತ್ರಿ?”

“ಒಂದು ಕಿಲೋಕ್ಕ ಸ್ವಲ್ಪ ಕಡಿಮಿ.”

ಒಂದು ಹೊತ್ತಿನ ಬುತ್ತಿಯಷ್ಟು. ಸೋಮಪ್ಪ ತಲೆ ಆಡಿಸಿದ.

“ಡಾಕ್ಟರಬಾಯಿ, ನಮ್ಮವ್ವಗೂ ಹಿಂಗ ಆಗಿತ್ತೇನು ಅಂತ ಅದರಾಗ ತಿಳೀತೈತೇನ್ರಿ?” ಅಂದ ಸಿದ್ರಾಯ.

“ಕಾಕುಗ ಏನಾಗಿತ್ತು ಅಂತ ತಿಳೀತೈತಿ. ನಿಮ್ಮ ತಾಯಿದು ಖಾತ್ರಿ ಹೇಳಾಕ ಬರೂದಿಲ್ಲ.” ಅವನ ಪಕ್ಕದಲ್ಲಿ ಕುಳಿತಳು. “ದೆವ್ವ ಅಲ್ಲ ಅಂತ ಮಾತ್ರ ಈಗ ಹೇಳಬಲ್ಲೆ.”

ಅವಳೂ ತನ್ನ ಕಾರಿನಲ್ಲಿ ಹತ್ತರಗಿಗೆ ಹಿಂದೆಯೇ ಬಂದಳು. ನೀರು ಮತ್ತೆ ಕಾಯಿಸಿದ್ದರು. ಸುಂದ್ರವ್ವ ನೀರು ಹಾಕಿದಳು, ತಲೆಯ ಮೇಲೆ ಹಾಕುವಾಗ ಮಾತ್ರ ಚರಿಗೆ ಬಿಟ್ಟು ಅಂಗೈಯಲ್ಲಿ ತುಂಬಿ ತುಂಬಿ ಹಾಕಿದಳು. ತವರಿನ ಹಸಿರು ಸೀರೆ ಉಡಿಸಿ, ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಕೂರಿಸಿದರು. ಭಜನೆಯವರು ಮುಂದೆ, ಮಂದಿ ಹಿಂದೆ, ಹೆದ್ದಾರಿ ದಾಟಿ ಹೊಲದ ದಾರಿ ಹಿಡಿದರು.

ಹುಣಸೆಗಿಡದ ಮೂಡಲಿಗೆ ಕುಣಿ ತೆಗೆದಿತ್ತು. ಸಿದ್ರಾಯ ಕೆಳಗಿಳಿದು ಅಕ್ಕನನ್ನು ತೋಳಲ್ಲಿ ತೆಗೆದುಕೊಂಡು ತಳದಲ್ಲಿ ತೆಗೆದ ಗೂಡಿನಲ್ಲಿ ಕೂರಿಸಿದ. ಅವಳು ನೆಟ್ಟಗೆ ಕುಳಿತಳು. ಅಯ್ಯನವರೂ ಇಳಿದು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಚಿದರು. ಆಮೇಲೆ ಕಾಲು ತೊಳೆಸಿಕೊಂಡು, ಎರಡೂ ಕೈಯಿಂದ ಕುಣಿಯ ದಂಡೆ ಗಟ್ಟಿಯಾಗಿ ಹಿಡಿದು, ಮೈಯ ಭಾರವನ್ನೆಲ್ಲ ಕೈಗಳ ಮೇಲೆ ಹೊತ್ತು, ಪಾದವನ್ನು ಆ ತುರುಬಿಗೆ ಮುಟ್ಟಿಸಿದರು. ಎಷ್ಟು ಹಗುರವಾಗಿ ಎಂದರೆ ಸುಂದ್ರವ್ವ ಮುಡಿಸಿದ ಸೇವಂತಿಗೆಯ ಒಂದು ಎಸಳೂ ಮುದುಡಲಿಲ್ಲ.

ಪತ್ರೆ, ವಿಭೂತಿ, ಉಪ್ಪು ಬಿತ್ತು. ಸೋಮಪ್ಪ ಎಡಗೈಯಿಂದ ಮೊದಲ ಹಿಡಿ ಮಣ್ಣು ಹಾಕಿದ. ಉಳಿದದ್ದನ್ನು ಮಂದಿ ಹಾಕಿದರು.

ಎಲ್ಲರೂ ಜಳಕಕ್ಕೆ ಮನೆಗೆ ಹೊರಟರು. ಬಾಳೇಶ ಕರೆದ, ಸಿದ್ರಾಯ ಕರೆದ. “ನಡೀರಿ, ಬರ್ತೇನಿ” ಅಂದು ಸೋಮಪ್ಪ ಹುಣಸೆಯ ಬುಡಕ್ಕೆ ಒರಗಿ ಕುಳಿತ. ತಲೆಯ ಮೇಲೆ ಅದೇ ಕೊಂಬೆ. ಬುತ್ತಿಯ ಗಂಟು ಉಜ್ಜಿ ಉಜ್ಜಿ ಒಂದು ಕಡೆ ತೊಗಟೆ ನುಣುಪಾಗಿತ್ತು. ಹೊಸ ಮಣ್ಣು ಇನ್ನೂ ಹಸಿಯಾಗಿತ್ತು. ಹೊತ್ತು ಕೆಂಪಾಗಿ ಕಬ್ಬಿನ ಗದ್ದೆಗಳ ಆಚೆ ಇಳಿಯುತ್ತಿತ್ತು.

ಬದುವಿನ ಮೇಲೆ ಯಾರೋ ಬಂದರು. ನಂದಿನಿ. ಮನೆಗೆ ಹೋಗಿ ಬಂದಿದ್ದಳು.

“ದಾಕ್ಷಾಯಿಣಿ ಕಳಸ್ಯಾಳ್ರಿ. ಮುಂಜಾನಿ ರೊಟ್ಟಿ ಹಂಗ ಉಳದಿದ್ದು ನೋಡಿ ಸುಂದ್ರವ್ವಾರು ಬೈದ್ರು. ಬಿಸಿ ಮಾಡಿ ಕೊಟ್ಟಾರ.”

ಅವಳು ನೀಲಿ ಗೆರೆಯ ಗಂಟನ್ನು ಅವನ ತೊಡೆಯ ಮೇಲಿಟ್ಟಳು. ಸೋಮಪ್ಪ ನೋಡಿದ. ಎರಡು ಮೂಲೆ ಸುತ್ತಿ, ಒಂದನ್ನು ಮಡಿಚಿ ತೂರಿಸಿ, ಒಂದು ಚುಂಗನ್ನು ಹೊರಗೆ ಬಿಟ್ಟಿತ್ತು. ಚುಂಗು ಒಂದು ಗೇಣು ಉದ್ದ.

“ಯಾರ ಕಟ್ಟಿದ್ರು?”

“ನಾನ್ರಿ.” ನಂದಿನಿ ತನ್ನ ಬೆರಳುಗಳನ್ನು ನೋಡಿಕೊಂಡಳು. “ಹನ್ನೊಂದ ವರ್ಷ ನೋಡೇನಿ ಕಾಕಾ. ಕೈಗೆ ಬಂದೈತಿ.”

ಅವಳು ಬದು ಹತ್ತಿ ಹೆದ್ದಾರಿಯ ಕಡೆ ನಡೆದಳು. ಸೋಮಪ್ಪ ಗಂಟನ್ನು ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಹೊಸ ಮಣ್ಣಿನ ಕಡೆ ಮುಖ ಮಾಡಿ ಸರಿದು ಕುಳಿತ. ಎಡಗೈಯಿಂದ ಚುಂಗು ಹಿಡಿದು ಜಗ್ಗಿದ.

ಒಂದೇ ಜಗ್ಗಿಗೆ ಬಿಚ್ಚಿತು. ರೊಟ್ಟಿ ಇನ್ನೂ ಬಿಸಿ ಇದ್ದವು.